ಕೈಗುಣದ ಒಳಗೇನಿದೆ?

ಒಳ್ಳೆಯ ವೈದ್ಯರನ್ನು ಹೊಗಳುವಾಗ ಜನ ಅವರ ಪದವಿಗಳನ್ನು ಎಣಿಸುವುದಿಲ್ಲ. ‘ಅವರ ಕೈಗುಣ ಚೆನ್ನಾಗಿದೆ’ ಎನ್ನುತ್ತಾರೆ, ‘ಮೈಮುಟ್ಟಿ ನೋಡುತ್ತಾರೆ’ ಎನ್ನುತ್ತಾರೆ, ‘ಅವರು ಮಾತನಾಡಿಸಿದರೇ ಅರ್ಧ ಕಾಯಿಲೆ ವಾಸಿ’ ಎನ್ನುತ್ತಾರೆ. ಬೇಸರಗೊಂಡವರ ದೂರು ಕೂಡ ಎಷ್ಟೋ ಸಲ ಔಷಧಿಯ ಮೇಲಿರುವುದಿಲ್ಲ, ‘ಮುಖ ಎತ್ತಿಯೂ ನೋಡಲಿಲ್ಲ’ ಎಂಬುದರ ಮೇಲಿರುತ್ತದೆ. ಕೈಗುಣವೆಂಬ ಮಾತನ್ನು ಮುಗ್ಧ ನಂಬಿಕೆಯೆಂದು ಬದಿಗಿಡುವುದು ಸುಲಭ. ಆದರೆ ಕಳೆದ ಕೆಲವು ದಶಕಗಳ ಸಂಶೋಧನೆಯನ್ನು ಓದುತ್ತಾ ಹೋದಂತೆ, ಆ ಮಾತಿನೊಳಗೆ ಅಳೆದು ನೋಡಬಹುದಾದ ಸಂಗತಿಯೊಂದಿದೆ ಎಂಬುದು ನನಗೆ ಮನವರಿಕೆಯಾಗಿದೆ. ವೈದ್ಯರನ್ನು ಗೌರವಿಸಬೇಕೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಕೈಗುಣ ಉಳಿಯಲು ಬೇಕಾದ ಬಿಡುವು ಆಸ್ಪತ್ರೆಗಳಲ್ಲಿ ದಿನೇ ದಿನೇ ಕುಗ್ಗುತ್ತಿದೆ. ವೈದ್ಯರಿಗೆ ಸಲ್ಲಬೇಕಾದ ಕೃತಜ್ಞತೆಯ ಮಾತು ಇಲ್ಲಿಂದಲೇ ಆರಂಭವಾಗಬೇಕು ಎಂಬುದು ನನ್ನ ವಾದ.

ಹಾರ್ವರ್ಡ್ ವೈದ್ಯಕೀಯ ಶಾಲೆಯ ಟೆಡ್ ಕ್ಯಾಪ್‌ಚಕ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಮೊದಲು ನೋಡೋಣ. ಇರಿಟೇಬಲ್ ಬವೆಲ್ ಸಿಂಡ್ರೋಮ್ ಎಂಬ, ಹೊಟ್ಟೆನೋವು, ಭೇದಿ, ಮಲಬದ್ಧತೆಗಳಿಂದ ವರ್ಷಗಟ್ಟಲೆ ಕಾಡುವ ಕರುಳಿನ ತೊಂದರೆಯಿದ್ದ 262 ಜನರನ್ನು ಅವರು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಯಾವ ಚಿಕಿತ್ಸೆಯೂ ಇಲ್ಲ, ಬರೀ ಗಮನಿಸುವುದು. ಎರಡನೆಯ ಗುಂಪಿಗೆ ಚರ್ಮದೊಳಗೆ ಇಳಿಯದ ಹುಸಿ ಅಕ್ಯುಪಂಕ್ಚರ್ ಸೂಜಿ, ಹೆಚ್ಚು ಮಾತಿಲ್ಲ. ಮೂರನೆಯ ಗುಂಪಿಗೂ ಅದೇ ಹುಸಿ ಸೂಜಿಯೇ. ಆದರೆ ಸೂಜಿ ಹಿಡಿದವರು ಮೊದಲ ಭೇಟಿಯಲ್ಲಿ ಮುಕ್ಕಾಲು ಗಂಟೆ ಕುಳಿತು, ಕಷ್ಟವೇನೆಂದು ಕೇಳಿ, ಕೇಳಿದ್ದನ್ನು ಮನಸ್ಸಿಗೆ ತಂದುಕೊಂಡು ಮಾತನಾಡಿದರು. ಮೂರು ವಾರಗಳ ನಂತರ ಸಾಕಷ್ಟು ಆರಾಮವಾಗಿದೆ ಎಂದವರು ಮೊದಲ ಗುಂಪಿನಲ್ಲಿ ಶೇ. 28, ಎರಡನೆಯದರಲ್ಲಿ ಶೇ. 44, ಮೂರನೆಯದರಲ್ಲಿ ಶೇ. 62. ಕೊನೆಯ ಎರಡು ಗುಂಪುಗಳ ನಡುವಿನ ಅಂತರ ಸೂಜಿಯದಲ್ಲ, ಮನುಷ್ಯರದು.

ಇದನ್ನು ಅತಿಯಾಗಿ ಹಿಗ್ಗಿಸಬಾರದು. ಪ್ರೀತಿಯ ಮಾತಿನಿಂದ ಗಡ್ಡೆ ಕರಗುವುದಿಲ್ಲ, ಬ್ಯಾಕ್ಟೀರಿಯಾ ಸಾಯುವುದಿಲ್ಲ, ಮುರಿದ ಮೂಳೆ ತನ್ನ ಜಾಗಕ್ಕೆ ಬಂದು ಕೂರುವುದಿಲ್ಲ. ಜಾಣ್ಮೆಯಿಲ್ಲದ ಕರುಣೆ ರೋಗಿಯ ಪಾಲಿಗೆ ಅಪಾಯವೇ ಹೌದು. ಆದರೆ ಇಂದಿನ ಕಾಯಿಲೆಗಳಲ್ಲಿ ಬಹಳಷ್ಟು ಒಂದೇ ದಿನದ ಶಸ್ತ್ರಕ್ರಿಯೆಯಿಂದ ಮುಗಿಯುವಂಥವಲ್ಲ. ಮಧುಮೇಹ, ರಕ್ತದೊತ್ತಡ, ಆಸ್ತಮಾ ಇವೆಲ್ಲ ರೋಗಿ ಮನೆಯಲ್ಲಿ, ವೈದ್ಯರ ಕಣ್ಣಿಗೆ ಬೀಳದಂತೆ, ವರ್ಷಗಟ್ಟಲೆ ನಡೆಸಬೇಕಾದ ಚಿಕಿತ್ಸೆಗಳು. ಇಟಲಿಯ ಪಾರ್ಮಾ ಪ್ರಾಂತ್ಯದಲ್ಲಿ 242 ವೈದ್ಯರ ಬಳಿ ಚಿಕಿತ್ಸೆ ಪಡೆಯುತ್ತಿದ್ದ 20,961 ಮಧುಮೇಹಿಗಳ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಯ ಸ್ಥಿತಿಯನ್ನು ಅರಿಯುವ ಗುಣ ಹೆಚ್ಚಿದ್ದ ವೈದ್ಯರ ರೋಗಿಗಳು ಮಧುಮೇಹದ ತೀವ್ರ ತೊಡಕಿನಿಂದ ಆಸ್ಪತ್ರೆ ಸೇರಿದ ಪ್ರಮಾಣ ಸಾವಿರಕ್ಕೆ 4ರಷ್ಟಿತ್ತು. ಆ ಗುಣ ಕಡಿಮೆಯಿದ್ದ ವೈದ್ಯರ ರೋಗಿಗಳಲ್ಲಿ ಅದು 6.5. ಇಂಥ ಅಧ್ಯಯನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಕಾರಣವನ್ನು ಪೂರ್ತಿ ಸಾಬೀತು ಮಾಡುವುದಿಲ್ಲ. ಆದರೂ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಬೈಯುವ ವೈದ್ಯರೆದುರು ಮಾತ್ರೆ ತಪ್ಪಿಸಿದ್ದೇನೆಂದು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ರೋಗಿ ‘ಎಲ್ಲಾ ಸರಿಯಾಗಿ ತೆಗೆದುಕೊಳ್ಳುತ್ತಿದ್ದೇನೆ’ ಎನ್ನುತ್ತಾನೆ, ಸಕ್ಕರೆಯ ಅಂಶ ಮಾತ್ರ ಏರಿಯೇ ಇರುತ್ತದೆ, ವೈದ್ಯರು ಸಹಜವಾಗಿ ಪ್ರಮಾಣ ಹೆಚ್ಚಿಸುತ್ತಾರೆ. ಮುಂದೊಂದು ದಿನ ಹೆದರಿ ಬರೆದಷ್ಟನ್ನೂ ನುಂಗಿದಾಗ ಸಕ್ಕರೆ ಕುಸಿದು ಆತ ಪ್ರಜ್ಞೆ ತಪ್ಪಬಹುದು. ಅವಮಾನದ ಹೆದರಿಕೆಯಿಲ್ಲದೆ ನಿಜ ಹೇಳಬಹುದಾದ ಜಾಗವೊಂದಿದ್ದರೆ ಚಿಕಿತ್ಸೆಯ ಲೆಕ್ಕ ತಪ್ಪುವುದಿಲ್ಲ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದ್ದು ಸಂಶೋಧನಾ ಪ್ರಬಂಧವಲ್ಲ, ಒಂದು ಮಧ್ಯಾಹ್ನ. ನನ್ನ ತಾಯಿಯನ್ನು ಮಂಡಿನೋವಿಗೆಂದು ತೋರಿಸಲು ಕರೆದೊಯ್ದಿದ್ದೆ. ಪರೀಕ್ಷೆ ಮುಗಿದು, ಚೀಟಿ ಕೈಗೆ ಬಂದು, ಅಮ್ಮ ಎದ್ದು ಬಾಗಿಲ ಹಿಡಿಕೆಗೆ ಕೈಹಾಕಿದ ಮೇಲೆ ತಿರುಗಿ ನಿಂತು, ‘ಇನ್ನೊಂದು ಮಾತು ಡಾಕ್ಟ್ರೇ, ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾಗುತ್ತೆ, ವಯಸ್ಸಾಯ್ತಲ್ಲ, ಅದಕ್ಕೇ ಇರಬಹುದು’ ಎಂದರು. ಹೊರಗೆ ಬೆಂಚುಗಳು ತುಂಬಿದ್ದವು. ಮುಂದಿನವರನ್ನು ಕರೆಯಲು ಆ ವೈದ್ಯೆಯ ಬೆರಳು ಆಗಲೇ ಗಂಟೆಯ ಗುಂಡಿಯ ಮೇಲಿತ್ತು. ಅವರು ಕೈಯನ್ನು ಹಿಂದೆ ತೆಗೆದುಕೊಂಡು, ಕುರ್ಚಿ ತೋರಿಸಿ, ‘ಕೂತ್ಕೊಳ್ಳಿ ಅಮ್ಮ, ಎಷ್ಟು ದಿನದಿಂದ ಹೀಗೆ?’ ಎಂದು ಕೇಳಿದರು. ಸ್ಟೆತೊಸ್ಕೋಪಿನ ತುದಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಮುಚ್ಚಿ ಹಿಡಿದು, ಅದರ ತಣುವು ಹೋದ ಮೇಲೆ ಎದೆಗಿಟ್ಟರು. ಅಂದೇ ಇಸಿಜಿ ಆಯಿತು, ಮರುದಿನವೇ ಹೃದ್ರೋಗ ತಜ್ಞರ ಭೇಟಿಯೂ ಆಯಿತು. ಮಂಡಿಗಿಂತ ಮುಖ್ಯವಾದ ಕಾಯಿಲೆ ಬಾಗಿಲ ಬಳಿ ಹೊರಬಂದಿತ್ತು.

ಇದು ಅಪರೂಪದ ಘಟನೆಯಲ್ಲ. ಹೆಚ್ಚು ಭಯವಿರುವ ವಿಷಯವನ್ನೇ ಜನ ಕೊನೆಗೆ ಹೇಳುತ್ತಾರೆಂಬುದು ಅನುಭವಿ ವೈದ್ಯರಿಗೆಲ್ಲ ಗೊತ್ತು. ಹಾಗಾಗಿ ಕೇಳಿಸಿಕೊಳ್ಳುವ ತಾಳ್ಮೆ ಸೌಜನ್ಯ ಮಾತ್ರವಲ್ಲ, ರೋಗನಿದಾನದ ಮೊದಲ ಉಪಕರಣ. ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬ ಸಂಶೋಧಕರು 1984ರಲ್ಲಿ 74 ಭೇಟಿಗಳ ಧ್ವನಿಮುದ್ರಣಗಳನ್ನು ಕೇಳಿ ನೋಡಿದಾಗ, ರೋಗಿ ಮಾತು ಆರಂಭಿಸಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಹೇಳಲು ಬಂದದ್ದನ್ನು ಪೂರ್ತಿ ಹೇಳಿ ಮುಗಿಸಲು ಸಾಧ್ಯವಾದದ್ದು ಶೇ. 23ರಷ್ಟು ಭೇಟಿಗಳಲ್ಲಿ ಮಾತ್ರ. ಅದೇ ದೇಶದಲ್ಲಿ ಇತ್ತೀಚೆಗೆ ನಡೆದ ಇನ್ನೊಂದು ಅಧ್ಯಯನದಲ್ಲಿ ಈ ಅವಧಿ 11 ಸೆಕೆಂಡಿಗೆ ಇಳಿದಿತ್ತು. ತಡೆಯದೆ ಬಿಟ್ಟರೆ ರೋಗಿ ಗಂಟೆಗಟ್ಟಲೆ ಮಾತನಾಡುತ್ತಾನೆಂಬ ಭಯ ಇದರ ಹಿಂದಿದೆ. ಆ ಭಯ ನಿಜವೇ ಎಂದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಪರೀಕ್ಷಿಸಿ ನೋಡಿ 2002ರಲ್ಲಿ ವರದಿ ಮಾಡಿದರು. ರೋಗಿ ತಾನಾಗಿ ನಿಲ್ಲಿಸುವವರೆಗೂ ಸುಮ್ಮನೆ ಕೇಳಬೇಕೆಂದು ವೈದ್ಯರಿಗೆ ಹೇಳಲಾಗಿತ್ತು. 335 ರೋಗಿಗಳು ತೆಗೆದುಕೊಂಡ ಸರಾಸರಿ ಸಮಯ 92 ಸೆಕೆಂಡು. ಹತ್ತರಲ್ಲಿ ಸುಮಾರು ಎಂಟು ಜನ ಎರಡು ನಿಮಿಷದೊಳಗೆ ಮಾತು ಮುಗಿಸಿದ್ದರು.

ಹೀಗೆಂದ ಮಾತ್ರಕ್ಕೆ ಕರುಣೆಗೆ ಯಾವಾಗಲೂ ಹೆಚ್ಚು ಸಮಯ ಬೇಕೆಂದೇನೂ ಅಲ್ಲ. ಅಮೆರಿಕದ ಕ್ಯಾನ್ಸಸ್‌ನ ಒಂದು ಆಸ್ಪತ್ರೆಯಲ್ಲಿ, ಬೆನ್ನುಮೂಳೆಯ ಶಸ್ತ್ರಕ್ರಿಯೆಯಾದ ರೋಗಿಗಳನ್ನು ನೋಡಲು ಬಂದ ವೈದ್ಯರು ಕೆಲವರ ಬಳಿ ಕುಳಿತು, ಕೆಲವರ ಬಳಿ ನಿಂತು ಮಾತನಾಡಿದರು. ಕುಳಿತ ಭೇಟಿಗಳ ಸರಾಸರಿ ಅವಧಿ 1 ನಿಮಿಷ 4 ಸೆಕೆಂಡು, ನಿಂತ ಭೇಟಿಗಳದ್ದು 1 ನಿಮಿಷ 28 ಸೆಕೆಂಡು. ಆದರೆ ರೋಗಿಗಳನ್ನು ಕೇಳಿದಾಗ, ಕುಳಿತವರು ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇದ್ದರೆಂದೂ, ನಿಂತವರು ನಾಲ್ಕು ನಿಮಿಷವೂ ಇರಲಿಲ್ಲವೆಂದೂ ಹೇಳಿದರು. ಮಲಗಿರುವವನಿಗೆ ನಿಂತವರ ಮುಖ ದೂರ, ಅವರ ಕಾಲು ಬಾಗಿಲ ಕಡೆಗೆ. ಪಕ್ಕದಲ್ಲಿ ಕುಳಿತವರು ಹೊರಡುವ ಆತುರದಲ್ಲಿಲ್ಲವೆಂದು ದೇಹಕ್ಕೇ ಗೊತ್ತಾಗುತ್ತದೆ.

ಇಷ್ಟು ಹೊತ್ತು ಕರುಣೆ ಎಂಬ ಪದವನ್ನು ಬಳಸುತ್ತಾ ಬಂದಿದ್ದೇನೆ. ಕನ್ನಡದಲ್ಲಿ ಇದರ ಆಸುಪಾಸಿನ ಪದಗಳು ಹಲವಾರಿವೆ, ಅವುಗಳ ನಡುವಣ ವ್ಯತ್ಯಾಸ ಈ ಚರ್ಚೆಗೆ ಬಹಳ ಮುಖ್ಯ. ಮರುಕ, ಕನಿಕರ ಎಂಬ ಪದಗಳಲ್ಲಿ ಮೇಲೆ ನಿಂತು ಕೆಳಗೆ ನೋಡುವ ಛಾಯೆಯಿದೆ. ಕಾಯಿಲೆ ಬಿದ್ದವರಿಗೆ ಅದು ಬೇಡವಾದದ್ದು. ಸಹಾನುಭೂತಿಯೆಂದರೆ ಇನ್ನೊಬ್ಬರ ಅನುಭವವನ್ನು ಜೊತೆಗೂಡಿ ಅನುಭವಿಸುವುದು. ಅನುಕಂಪದಲ್ಲಿ ಕಂಪವೇ ಇದೆ, ಇನ್ನೊಬ್ಬರು ನಡುಗಿದಾಗ ತಾನೂ ನಡುಗುವುದು. ಹಾಗಾದರೆ ಶಸ್ತ್ರಚಿಕಿತ್ಸಕರ ಕೈ ನಡುಗಬಹುದೇ ಎಂಬ ಪ್ರಶ್ನೆ ಏಳುತ್ತದೆ, ಅದು ನ್ಯಾಯವಾದ ಪ್ರಶ್ನೆ. 1889ರಲ್ಲಿ ಹೆಸರಾಂತ ವೈದ್ಯ ವಿಲಿಯಂ ಓಸ್ಲರ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯರಾಗಿ ಹೊರಡುತ್ತಿದ್ದ ವಿದ್ಯಾರ್ಥಿಗಳಿಗೆ ಬೋಧಿಸಿದ್ದು ಇದನ್ನೇ: ಏನೇ ಆದರೂ ಕದಡದ ಸಮಚಿತ್ತ ವೈದ್ಯನಿಗೆ ಬೇಕು. 1926ರಲ್ಲಿ ಹಾರ್ವರ್ಡ್‌ನ ವೈದ್ಯ ಫ್ರಾನ್ಸಿಸ್ ಪೀಬಾಡಿ ವಿದ್ಯಾರ್ಥಿಗಳೆದುರು ಇನ್ನೊಂದು ಬದಿಯನ್ನು ಇಟ್ಟರು. ರೋಗಿಯನ್ನು ನೋಡಿಕೊಳ್ಳುವ ಗುಟ್ಟು ಆ ರೋಗಿಯ ಬಗ್ಗೆ ನಿಜವಾದ ಕಾಳಜಿ ಇಟ್ಟುಕೊಳ್ಳುವುದರಲ್ಲೇ ಇದೆ ಎಂಬುದು ಅವರ ಮಾತಿನ ಸಾರ. ಮರುವರ್ಷವೇ, ಇನ್ನೂ ಐವತ್ತು ತುಂಬುವ ಮೊದಲೇ, ಅವರು ಕ್ಯಾನ್ಸರಿನಿಂದ ತೀರಿಕೊಂಡರು.

ಈ ಎರಡು ಮಾತುಗಳು ಒಂದಕ್ಕೊಂದು ವಿರೋಧವಲ್ಲವೆಂದು ತೋರಿಸಿದ್ದು ನರವಿಜ್ಞಾನ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಟಾನಿಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ಅವರ ತಂಡ, ಬೇರೆಯವರ ಸಂಕಟದ ದೃಶ್ಯಗಳನ್ನು ನೋಡುವವರಿಗೆ ಮೊದಲು ಆ ನೋವನ್ನು ತಾವೂ ಅನುಭವಿಸುವ ಅಭ್ಯಾಸವನ್ನು ಕಲಿಸಿತು. ಅವರ ಮನಸ್ಸು ಕುಗ್ಗಿತು. ಸ್ವಂತ ನೋವಿನಲ್ಲಿ ಎಚ್ಚರಗೊಳ್ಳುವ ಮಿದುಳಿನ ಭಾಗಗಳೇ ಅಲ್ಲಿಯೂ ಎಚ್ಚರಗೊಂಡವು. ಆ ಬಳಿಕ ಅದೇ ಜನರಿಗೆ, ನೋವಿನಲ್ಲಿರುವವರಿಗೆ ಒಳಿತಾಗಲಿ ಎಂದು ಮನಸಾರೆ ಬಯಸುವ ಕರುಣೆಯ ಅಭ್ಯಾಸವನ್ನು ಕಲಿಸಿದಾಗ, ಕುಗ್ಗಿದ ಮನಸ್ಸು ಚೇತರಿಸಿಕೊಂಡಿತು ಮತ್ತು ಮಿದುಳಿನಲ್ಲಿ ಬೇರೆಯದೇ ಜಾಲ ಕೆಲಸ ಮಾಡಿತು. ಅಂದರೆ ನೋವನ್ನು ಕಂಡು ಜೊತೆಗೆ ನಡುಗುವುದು ಒಂದು, ಆ ನೋವು ತಗ್ಗಲೆಂದು ಕೈಚಾಚುವುದು ಇನ್ನೊಂದು. ಮೊದಲನೆಯದರಲ್ಲೇ ನಿಂತವರು ದಣಿಯುತ್ತಾರೆ. ಎರಡನೆಯದು ಕೊಡುವವರಿಗೂ ಬಲ ಕೊಡುತ್ತದೆ. ‘ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳಬೇಡ’ ಎಂದು ಹಿರಿಯ ವೈದ್ಯರು ಕಿರಿಯರಿಗೆ ಹೇಳುವ ಬುದ್ಧಿಮಾತು ಒಳ್ಳೆಯ ಉದ್ದೇಶದ್ದೇ ಆದರೂ, ಅದು ಎರಡನ್ನೂ ಒಟ್ಟಿಗೆ ಕಿತ್ತುಹಾಕುತ್ತದೆ ಎಂಬುದು ನನ್ನ ಆತಂಕ.

ಈ ಕರುಣೆ ಎಲ್ಲಿ ಬತ್ತುತ್ತದೆ? ವೈದ್ಯರಾಗಬೇಕೆಂದು ಬರುವವರಲ್ಲಿ ಅದು ಇಲ್ಲವೆನ್ನಲಾಗದು. ಅಮೆರಿಕದ ಜೆಫರ್ಸನ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊದಲೆರಡು ವರ್ಷ ಉಳಿದುಕೊಂಡಿದ್ದ ಪರರ ನೋವನ್ನು ಅರಿಯುವ ಗುಣ ಮೂರನೆಯ ವರ್ಷದಲ್ಲಿ ಗಣನೀಯವಾಗಿ ಕುಸಿಯಿತು. ಮೂರನೆಯ ವರ್ಷವೆಂದರೆ ಅವರು ವಾರ್ಡಿಗೆ ಕಾಲಿಟ್ಟು ರೋಗಿಗಳ ನಡುವೆ ಕೆಲಸ ಆರಂಭಿಸುವ ವರ್ಷ. ಯಾವಾಗ ಅದು ಹೆಚ್ಚಬೇಕಿತ್ತೋ ಆಗಲೇ ಕುಸಿದದ್ದು ದುಃಖದ ಸಂಗತಿ. ಇದಕ್ಕೆ ಅವರ ಸ್ವಭಾವವನ್ನು ದೂರುವ ಮುನ್ನ, ಪ್ರಿನ್ಸ್‌ಟನ್‌ನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ 1973ರಲ್ಲಿ ವರದಿ ಮಾಡಿದ ಪ್ರಯೋಗವನ್ನು ನೆನೆಯಬೇಕು. ಧರ್ಮಶಾಸ್ತ್ರದ ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡಕ್ಕೆ ಉಪನ್ಯಾಸ ಕೊಡಲು ಕಳುಹಿಸಲಾಯಿತು. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೆಮ್ಮುತ್ತಿದ್ದ. ಆತುರವಿಲ್ಲದವರಲ್ಲಿ ಶೇ. 63 ಜನ ನೆರವಾದರು. ‘ಆಗಲೇ ತಡವಾಗಿದೆ, ಬೇಗ ಹೋಗಿ’ ಎಂದು ಹೇಳಿ ಕಳುಹಿಸಿದವರಲ್ಲಿ ನೆರವಾದವರು ಶೇ. 10. ಅವರಲ್ಲಿ ಕೆಲವರು ಕೊಡಬೇಕಿದ್ದ ಉಪನ್ಯಾಸ ದಾರಿಯಲ್ಲಿ ಬಿದ್ದವನಿಗೆ ನೆರವಾದ ದಯಾಳುವಿನ ನೀತಿಕಥೆಯ ಮೇಲೇ ಇತ್ತು, ಆದರೂ ಅದು ಹೇಳಿಕೊಳ್ಳುವಂಥ ವ್ಯತ್ಯಾಸ ಮಾಡಲಿಲ್ಲ. ಮನುಷ್ಯನೊಳಗಿನ ಒಳ್ಳೆಯತನ ಎಷ್ಟೇ ಇರಲಿ, ಆತುರ ಅದನ್ನು ದಾಟಿಕೊಂಡು ಹೋಗಿಬಿಡುತ್ತದೆ.

ಆಸ್ಪತ್ರೆಗಳಲ್ಲಿ ಆ ಆತುರ ಒಂದು ದಿನದ್ದಲ್ಲ, ವ್ಯವಸ್ಥೆಯದ್ದು. 67 ದೇಶಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿದ 2017ರ ಒಂದು ಸಮೀಕ್ಷೆಯಲ್ಲಿ, ಪ್ರಾಥಮಿಕ ವೈದ್ಯರ ಭೇಟಿಯ ಸರಾಸರಿ ಅವಧಿ ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್ನಿನಲ್ಲಿ 22.5 ನಿಮಿಷ, ಜಗತ್ತಿನ ಸುಮಾರು ಅರ್ಧದಷ್ಟು ಜನ ವಾಸಿಸುವ ದೇಶಗಳಲ್ಲಿ ಅದು ಐದು ನಿಮಿಷ ಅಥವಾ ಅದಕ್ಕೂ ಕಡಿಮೆ. ಹಣವಂತ ದೇಶಗಳ ಕಷ್ಟ ಬೇರೆ ಬಗೆಯದು. ಅಮೆರಿಕದಲ್ಲಿ ವೈದ್ಯರ ಕೆಲಸದ ದಿನವನ್ನು ಗಮನಿಸಿದ 2016ರ ಅಧ್ಯಯನದಲ್ಲಿ, ರೋಗಿಯ ಮುಖ ನೋಡಿ ಕಳೆದ ಪ್ರತಿ ಒಂದು ಗಂಟೆಗೆ ಸುಮಾರು ಎರಡು ಗಂಟೆ ಕಂಪ್ಯೂಟರ್ ದಾಖಲೆಗೂ ಮೇಜಿನ ಕೆಲಸಕ್ಕೂ ಹೋಗುತ್ತಿತ್ತು. ಇದರ ಜೊತೆಗೆ ನಿದ್ದೆಯಿಲ್ಲದ ಪಾಳಿಗಳು. 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 24 ಗಂಟೆಗೂ ಮೀರಿದ ಪಾಳಿಗಳಲ್ಲಿ ದುಡಿದ ತೀವ್ರ ನಿಗಾ ಘಟಕದ ಕಿರಿಯ ವೈದ್ಯರು, ಪಾಳಿಯನ್ನು ಕಡಿತಗೊಳಿಸಿದ್ದಾಗ ಮಾಡಿದ್ದಕ್ಕಿಂತ ಸುಮಾರು ಶೇ. 36ರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದರು. ಇಷ್ಟು ದಣಿದವರ ಮನಸ್ಸು ತನ್ನನ್ನು ಉಳಿಸಿಕೊಳ್ಳಲು ಮಾಡುವ ಮೊದಲ ಕೆಲಸವೆಂದರೆ ಎದುರಿಗಿರುವ ಮನುಷ್ಯನ ಹೆಸರನ್ನು ಮರೆಯುವುದು. ‘ಹನ್ನೆರಡನೇ ಬೆಡ್ಡಿನ ಕಿಡ್ನಿ’ ಎಂಬಂಥ ಮಾತು ವಾರ್ಡುಗಳಲ್ಲಿ ಹುಟ್ಟುವುದು ಹೀಗೆ. ಅದು ಕ್ರೌರ್ಯವಲ್ಲ, ಬಳಲಿಕೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯಲ್ಲಿ ‘ಬರ್ನೌಟ್’ ಎಂಬ ಸ್ಥಿತಿಯನ್ನು ವಿವರಿಸುವಾಗ, ಅದನ್ನು ವ್ಯಕ್ತಿಯ ಕಾಯಿಲೆಯೆಂದು ಕರೆಯದೆ, ಕೆಲಸದ ಸ್ಥಳದಲ್ಲಿ ನಿಭಾಯಿಸದೆ ಬಿಟ್ಟ ದೀರ್ಘ ಒತ್ತಡದ ಫಲವೆಂದು ಕರೆದದ್ದು ಸರಿಯಾಗಿಯೇ ಇದೆ.

ಯಂತ್ರಗಳ ವಿಷಯವೂ ಇಲ್ಲಿ ಬರುತ್ತದೆ. ಅಂತರ್ಜಾಲದಲ್ಲಿ ಜನ ಕೇಳಿದ್ದ 195 ಆರೋಗ್ಯ ಪ್ರಶ್ನೆಗಳಿಗೆ ವೈದ್ಯರು ಕೊಟ್ಟ ಉತ್ತರವನ್ನೂ ಚಾಟ್‌ಬಾಟ್ ಕೊಟ್ಟ ಉತ್ತರವನ್ನೂ ಹೋಲಿಸಿದ 2023ರ ಅಧ್ಯಯನದಲ್ಲಿ, ಕಾಳಜಿ ತೋರುವ ಉತ್ತರಗಳೆಂದು ಪರಿಣತರು ಗುರುತಿಸಿದ್ದು ಯಂತ್ರದವುಗಳಲ್ಲಿ ಶೇ. 45, ವೈದ್ಯರವುಗಳಲ್ಲಿ ಶೇ. 5ಕ್ಕೂ ಕಡಿಮೆ. ವೈದ್ಯರ ಉತ್ತರಗಳು ಸರಾಸರಿ ಐವತ್ತು ಚಿಲ್ಲರೆ ಪದಗಳವು, ಯಂತ್ರದವು ಇನ್ನೂರಕ್ಕೂ ಹೆಚ್ಚು. ಇದನ್ನು ವೈದ್ಯರ ಸೋಲೆಂದು ಓದಿದವರಿದ್ದಾರೆ. ನನಗೆ ಇದರಲ್ಲಿ ಕಾಣುವುದು ದಣಿವು ಎಂಬುದು ಗೊತ್ತೇ ಇಲ್ಲದ ಒಂದು ವಸ್ತುವಿಗೂ, ಬಿಡುವಿಲ್ಲದ ದಿನದ ನಡುವೆ ನಾಲ್ಕು ಸಾಲು ಬರೆದ ಮನುಷ್ಯರಿಗೂ ಇರುವ ಅಂತರ. ಆ ಯಂತ್ರ ದಾಖಲೆ ಬರೆಯುವ ಹೊರೆಯನ್ನು ಹೊತ್ತು ವೈದ್ಯರ ಕಣ್ಣನ್ನು ಪರದೆಯಿಂದ ರೋಗಿಯ ಕಡೆಗೆ ತಿರುಗಿಸಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಇನ್ನು ಮೆಚ್ಚುಗೆಯ ಮಾತು. ವೈದ್ಯರ ದಿನಗಳು ಹಲವಿವೆ: ಅಮೆರಿಕದಲ್ಲಿ ವೈದ್ಯ ಕ್ರಾಫರ್ಡ್ ಲಾಂಗ್ ಶಸ್ತ್ರಕ್ರಿಯೆಗೆ ಅರಿವಳಿಕೆಯಾಗಿ ಈಥರ್ ಬಳಸಿದ 1842ರ ನೆನಪಿನಲ್ಲಿ ಮಾರ್ಚ್ 30, ಭಾರತದಲ್ಲಿ ಖ್ಯಾತ ವೈದ್ಯ ಬಿಧಾನ್ ಚಂದ್ರ ರಾಯ್ ಹುಟ್ಟಿದ ಮತ್ತು ತೀರಿಕೊಂಡ ಜುಲೈ 1, ಕ್ಯೂಬಾದಲ್ಲಿ ಹಳದಿ ಜ್ವರವನ್ನು ಸೊಳ್ಳೆ ಹರಡುತ್ತದೆಂದು ಪ್ರತಿಪಾದಿಸಿದ ಕಾರ್ಲೋಸ್ ಫಿನ್ಲೇ ಹುಟ್ಟಿದ ಡಿಸೆಂಬರ್ 3. 2020ರಲ್ಲಿ ಎಷ್ಟೋ ದೇಶಗಳ ಜನ ಮನೆಯ ಕಿಟಕಿ, ಬಾಲ್ಕನಿಗಳಲ್ಲಿ ನಿಂತು ಚಪ್ಪಾಳೆ ತಟ್ಟಿದ್ದನ್ನು ಯಾರೂ ಮರೆತಿಲ್ಲ. ಆ ಚಪ್ಪಾಳೆ ಪ್ರಾಮಾಣಿಕವಾಗಿತ್ತು. ಆದರೆ 2020ರ ಜನವರಿಯಿಂದ 2021ರ ಮೇ ತಿಂಗಳವರೆಗೆ ಕೋವಿಡ್‌ನಿಂದ ಸುಮಾರು 1,15,000 ಆರೋಗ್ಯ ಕಾರ್ಯಕರ್ತರು ಸತ್ತಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ವೃತ್ತಿಜೀವನದಲ್ಲಿ ಒಮ್ಮೆಯಾದರೂ ದೈಹಿಕ ಹಲ್ಲೆಗೆ ಒಳಗಾಗುವವರು ಶೇ. 8ರಿಂದ 38ರಷ್ಟಿದ್ದಾರೆಂಬುದೂ ಅದೇ ಸಂಸ್ಥೆಯ ಲೆಕ್ಕ. ‘ವೈದ್ಯೋ ನಾರಾಯಣೋ ಹರಿಃ’ ಎಂದು ಕೈಮುಗಿಯುವ ಮನಸ್ಸಿಗೂ, ರೋಗಿ ಬದುಕದಿದ್ದಾಗ ಗಾಜು ಒಡೆಯುವ ಮನಸ್ಸಿಗೂ ನಾವು ಅಂದುಕೊಂಡಷ್ಟು ದೂರವಿಲ್ಲ. ದೇವರೆಂದು ಕರೆದ ಮೇಲೆ ಸೋಲಲು ಅವಕಾಶವಿಲ್ಲ, ನಿದ್ದೆ ಬೇಕೆನ್ನಲು ಅವಕಾಶವಿಲ್ಲ, ‘ನನಗೆ ಗೊತ್ತಾಗುತ್ತಿಲ್ಲ’ ಎಂದು ಒಪ್ಪಿಕೊಳ್ಳಲೂ ಅವಕಾಶವಿಲ್ಲ. ನಿರ್ಲಕ್ಷ್ಯಕ್ಕೆ ಹೊಣೆ ಹೊರಿಸುವುದು ಬೇರೆ ಮಾತು, ಅದು ಇರಲೇಬೇಕು. ಆದರೆ ಹೊಣೆ ಕೇಳಬಹುದಾದದ್ದು ಮನುಷ್ಯರನ್ನು ಮಾತ್ರ.

ಮೆಚ್ಚುಗೆಯ ಮಾತಿಗೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ, ಅದಕ್ಕೆ ಬಹಳ ಬೆಲೆಯಿದೆ. ಇಸ್ರೇಲಿನ ಆರಿಯೇ ರಿಸ್ಕಿನ್ ಮತ್ತು ಸಂಗಡಿಗರು ನವಜಾತ ಶಿಶುಗಳ ತೀವ್ರ ನಿಗಾ ಘಟಕದ ತಂಡಗಳಿಗೆ ಅಣಕು ತುರ್ತುಸ್ಥಿತಿಯನ್ನು ಕೊಟ್ಟು ನೋಡಿದ್ದಾರೆ. 2015ರ ಪ್ರಯೋಗದಲ್ಲಿ, ಹೊರಗಿನ ತಜ್ಞರೊಬ್ಬರ ಕೀಳುಮಾತು ಕೇಳಿದ ತಂಡಗಳು ರೋಗವನ್ನು ಗುರುತಿಸುವುದರಲ್ಲೂ ಚಿಕಿತ್ಸೆಯ ಕೈಕೆಲಸದಲ್ಲೂ ಹಿಂದೆ ಬಿದ್ದವು. 2019ರ ಪ್ರಯೋಗದಲ್ಲಿ, ಹಿಂದೆ ಆ ಘಟಕದಲ್ಲಿ ಮಗುವನ್ನು ಇಟ್ಟಿದ್ದ ತಾಯಿಯೊಬ್ಬಳು ಹೇಳಿದ ಕೃತಜ್ಞತೆಯ ಮಾತು ಕೇಳಿದ ತಂಡಗಳು ಮಾಹಿತಿಯನ್ನು ತಮ್ಮತಮ್ಮಲ್ಲಿ ಹೆಚ್ಚು ಹಂಚಿಕೊಂಡು ಇನ್ನೂ ಚೆನ್ನಾಗಿ ಕೆಲಸ ಮಾಡಿದವು. ಬಾಸ್ಟನ್ನಿನ ಕೆನೆತ್ ಶ್ವಾರ್ಟ್ಸ್ ಎಂಬ ವಕೀಲರು ಶ್ವಾಸಕೋಶದ ಕ್ಯಾನ್ಸರಿನಿಂದ ನರಳುವಾಗ, ತನ್ನನ್ನು ನೋಡಿಕೊಂಡವರ ಸಣ್ಣ ಸಣ್ಣ ಒಳ್ಳೆಯತನವೇ ಸಹಿಸಲಾಗದ್ದನ್ನು ಸಹಿಸುವಂತೆ ಮಾಡಿತೆಂದು ಬರೆದು, 1995ರಲ್ಲಿ ಸಾಯುವ ಮೊದಲು ಒಂದು ಕೇಂದ್ರವನ್ನು ಸ್ಥಾಪಿಸಿದರು. ಅದರಿಂದ ಹುಟ್ಟಿದ ಸಭೆಗಳಲ್ಲಿ ವೈದ್ಯರು, ದಾದಿಯರು, ಆಸ್ಪತ್ರೆಯ ಇತರ ಸಿಬ್ಬಂದಿ ಒಟ್ಟಿಗೆ ಕುಳಿತು, ಒಂದು ಪ್ರಕರಣದ ರೋಗನಿದಾನವನ್ನಲ್ಲ, ಅದು ತಮ್ಮ ಮನಸ್ಸಿಗೆ ಏನು ಮಾಡಿತೆಂಬುದನ್ನು ಹೇಳಿಕೊಳ್ಳುತ್ತಾರೆ. ರೋಗಿಯೊಬ್ಬರ ಕೃತಜ್ಞತೆ ವೈದ್ಯರ ದಿನಚರಿಯಲ್ಲಿ ಒಂದು ಗಂಟೆಯಾಗಿ ಉಳಿದ ಬಗೆ ಇದು. ನನಗೆ ಗೊತ್ತಿರುವ ಕೃತಜ್ಞತೆಗಳಲ್ಲೆಲ್ಲ ಇದು ದೊಡ್ಡದೆನಿಸುತ್ತದೆ.

2030ರ ಹೊತ್ತಿಗೆ ಜಗತ್ತಿಗೆ ಸುಮಾರು 1 ಕೋಟಿ 10 ಲಕ್ಷ ಆರೋಗ್ಯ ಕಾರ್ಯಕರ್ತರ ಕೊರತೆ ಇರುತ್ತದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಷ್ಟು ಜನ ಸಿಗದಿದ್ದರೆ ಭೇಟಿಯ ನಿಮಿಷಗಳು ಇನ್ನೂ ಇಳಿಯುತ್ತವೆ. ವೈದ್ಯರನ್ನು ಮೆಚ್ಚುವವರು ಅವರ ಪಾಳಿಯ ಅವಧಿ, ಒಬ್ಬರ ಪಾಲಿಗೆ ಬರುವ ರೋಗಿಗಳ ಸಂಖ್ಯೆ, ಪಕ್ಕದಲ್ಲಿ ದಾದಿಯರು ಎಷ್ಟಿದ್ದಾರೆ ಎಂಬ ಒಣ ಪ್ರಶ್ನೆಗಳನ್ನೂ ಕೇಳಬೇಕಾಗುತ್ತದೆ, ಆ ಖರ್ಚಿಗೆ ಸಾರ್ವಜನಿಕ ಹಣ ಬೇಕೆಂದು ಗಟ್ಟಿಯಾಗಿ ಹೇಳಬೇಕಾಗುತ್ತದೆ.

ಹೃದಯದ ಚಿಕಿತ್ಸೆ ಮುಗಿದು ಕೆಲವು ತಿಂಗಳ ಮೇಲೆ ನನ್ನ ತಾಯಿ ಆ ವೈದ್ಯೆಯನ್ನು ಮತ್ತೆ ನೋಡಲು ಹೋದರು. ಎಲ್ಲರೂ ಹೇಳುವ ಹಾಗೆ ‘ನೀವು ದೇವರಿದ್ದ ಹಾಗೆ’ ಎನ್ನಲಿಲ್ಲ. ‘ಅವತ್ತು ನೀವು ಗಂಟೆ ಒತ್ತಲಿಲ್ಲ, ಅದನ್ನು ನಾನು ನೋಡಿದೆ’ ಎಂದರು. ವೈದ್ಯೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವತ್ತು ಹೊರಗಿದ್ದವರೊಬ್ಬರು ಕಾದು ಕಾದು ತೋರಿಸಿಕೊಳ್ಳದೆ ಹೊರಟುಹೋಗಿದ್ದರು ಅಮ್ಮ. ಸಂಜೆ ಅವರ ನಂಬರ್ ಹುಡುಕಿ ಫೋನ್ ಮಾಡಿ, ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬರಲು ಹೇಳಿದೆ’ ಎಂದರು.